ಎರಡು ಈಡುಗಳ ನಡುವಿನ ಹೊತ್ತು

ಮಲೆನಾಡಿನ, ಕೊಡಗಿನ ಹಳೆಯ ಮನೆಗಳಲ್ಲಿ ಬೆಳೆದವರಿಗೆ ಕೇಪಿನ ಕೋವಿಯ ಪರಿಚಯ ಇರುತ್ತದೆ. ನಳಿಗೆಯ ಬಾಯಿಗೆ ಮದ್ದು ಸುರಿಯಬೇಕು, ನಾರು ತುರುಕಬೇಕು, ಚರೆ ಹಾಕಬೇಕು, ಗಜದಿಂದ ಜಡಿಯಬೇಕು, ಕೊನೆಗೆ ಕೇಪು ಇಟ್ಟು ಕುದುರೆ ಎತ್ತಬೇಕು. ಎರಡನೆಯ ಈಡು ತುಂಬುವಷ್ಟರಲ್ಲಿ ಕಾಡಿನ ಪ್ರಾಣಿ ಕಣ್ಮರೆಯಾಗಿರುತ್ತದೆ. ಅದಕ್ಕೇ ಆ ಕಾಲದ ಬೇಟೆಗಾರರು ಇದೊಂದೇ ಈಡು ಎಂಬಂತೆ ಉಸಿರು ಹಿಡಿದು ಗುರಿಯಿಡುತ್ತಿದ್ದರು. ಕೈಯಲ್ಲಿರುವ ಕೋವಿ ಎಂಥದ್ದೋ ಮನುಷ್ಯನ ನಿಲುವು, ತಾಳ್ಮೆ, ಹೆದರಿಕೆ ಎಲ್ಲವೂ ಅಂಥದ್ದೇ.

ಯುದ್ಧದ ಕಥೆ ಹೇಳುವ ಚಾರಿತ್ರಿಕ ಸಿನಿಮಾಗಳಲ್ಲಿ ಬಂದೂಕುಗಳ ಉಸ್ತುವಾರಿ ನೋಡುವ ಆರ್ಮರರ್‌ಗಳ ಕಸುಬು ನಿಂತಿರುವುದು ಈ ತಿಳಿವಳಿಕೆಯ ಮೇಲೆ. ಹಳೆಯದಾಗಿ ಕಾಣುವ ಒಂದು ಬಂದೂಕನ್ನು ನಟನ ಕೈಗೆ ಕೊಟ್ಟುಬಿಟ್ಟರೆ ಅವರ ಕೆಲಸ ಮುಗಿಯುವುದಿಲ್ಲ. ಒಂದು ಗುಂಡಿಗೂ ಮುಂದಿನ ಗುಂಡಿಗೂ ನಡುವೆ ಆ ಕಾಲದಲ್ಲಿ ಎಷ್ಟು ಹೊತ್ತು ಹಿಡಿಯುತ್ತಿತ್ತೋ ಅಷ್ಟು ಹೊತ್ತನ್ನು ತೆರೆಯ ಮೇಲೆ ಮರಳಿ ತರುವವರು ಅವರು. ಬಂದೂಕು ತಪ್ಪಾದರೆ ಆ ಹೊತ್ತು ತಪ್ಪುತ್ತದೆ. ಹೊತ್ತು ತಪ್ಪಿದರೆ ಯುದ್ಧವೇ ಬೇರೆಯಾಗುತ್ತದೆ.

ನಮ್ಮ ನೆಲದ ಉದಾಹರಣೆಯಿಂದಲೇ ಶುರು ಮಾಡೋಣ. 1799ರ ಮೇ 4ರಂದು ಟಿಪ್ಪುವಿನ ಶ್ರೀರಂಗಪಟ್ಟಣದ ಕೋಟೆ ಬಿತ್ತು. ಆ ದಿನವನ್ನು ಚಿತ್ರಿಸುವವರು ಎರಡೂ ಕಡೆಯ ಸೈನಿಕರ ಕೈಗೆ ಕೊಡಬೇಕಾದದ್ದು ಮುಖ್ಯವಾಗಿ ಚಕಮಕಿ ಕೋವಿ. ಈಸ್ಟ್ ಇಂಡಿಯಾ ಕಂಪನಿಯ ಪಡೆಯ ಕೋವಿಗೆ ‘ಇಂಡಿಯಾ ಪ್ಯಾಟರ್ನ್’ ಎಂದೇ ಹೆಸರು. ನಳಿಗೆಯ ಉದ್ದ 39 ಅಂಗುಲ, ಒಳವ್ಯಾಸ ಸುಮಾರು 19 ಮಿಲಿಮೀಟರ್. ಅದರ ಕುದುರೆಯ ಬಾಯಲ್ಲಿ ಒಂದು ಚೂರು ಚಕಮಕಿ ಕಲ್ಲು ಕಚ್ಚಿಕೊಂಡಿರುತ್ತದೆ. ಟ್ರಿಗರ್ ಎಳೆದಾಗ ಆ ಕಲ್ಲು ಎದುರಿನ ಉಕ್ಕಿನ ಪಟ್ಟಿಗೆ ಉಜ್ಜಿ ಕಿಡಿ ಉದುರಿಸುತ್ತದೆ. ಪಟ್ಟಿ ಮುಂದಕ್ಕೆ ಮಗುಚಿ ಕೆಳಗಿನ ಬಟ್ಟಲು ತೆರೆದುಕೊಳ್ಳುತ್ತದೆ. ಬಟ್ಟಲಲ್ಲಿರುವ ರಂಜಕದ ಮದ್ದು ಹೊತ್ತಿ, ಸಣ್ಣ ಕಿಂಡಿಯ ಮೂಲಕ ಬೆಂಕಿ ನಳಿಗೆಯ ಒಳಗೆ ಹೋಗುತ್ತದೆ. ಹೀಗಾಗಿ ನೋಡುಗನಿಗೆ ಕಾಣಬೇಕಾದ ಹೊಗೆ ಎರಡು. ಮೊದಲು ಸೈನಿಕನ ಕೆನ್ನೆಯ ಪಕ್ಕದಲ್ಲಿ ಒಂದು, ಮರುಕ್ಷಣ ನಳಿಗೆಯ ತುದಿಯಲ್ಲಿ ಇನ್ನೊಂದು. ಕೆನ್ನೆಯ ಪಕ್ಕದ ಹೊಗೆ ಇಲ್ಲದಿದ್ದರೆ ಆ ಕೋವಿ ನಾಟಕದ ಕೋವಿ ಎಂದು ಬಲ್ಲವರು ಕೂಡಲೇ ಗುರುತಿಸುತ್ತಾರೆ.

ಮತ್ತೆ ತುಂಬುವುದು ಇನ್ನೂ ದೊಡ್ಡ ಕೆಲಸ. ಕಾಗದದ ತೋಟಾವನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕು. ಚಿಟಿಕೆ ಮದ್ದನ್ನು ಬಟ್ಟಲಿಗೆ ಹಾಕಿ ಮುಚ್ಚಬೇಕು. ಕೋವಿಯನ್ನು ನೆಟ್ಟಗೆ ನಿಲ್ಲಿಸಿ ಉಳಿದ ಮದ್ದು, ಗುಂಡು, ಕಾಗದ ಎಲ್ಲವನ್ನೂ ನಳಿಗೆಗೆ ಇಳಿಸಿ ಗಜದಿಂದ ಜಡಿಯಬೇಕು. ಚೆನ್ನಾಗಿ ಪಳಗಿದ ಸೈನಿಕನಿಗೆ ನಿಮಿಷಕ್ಕೆ ಮೂರು ಗುಂಡು ಹಾರಿಸಲು ಸಾಧ್ಯವಿತ್ತು. ಅಂದರೆ ಒಂದೊಂದು ಗುಂಡಿಗೆ ಇಪ್ಪತ್ತು ಸೆಕೆಂಡು. ಎದುರಾಳಿ ಓಡಿ ಬರುತ್ತಿರುವಾಗ ಆ ಇಪ್ಪತ್ತು ಸೆಕೆಂಡು ನೆಟ್ಟಗೆ ನಿಂತುಕೊಂಡೇ ಕೈ ಆಡಿಸುತ್ತಿರಬೇಕು. ಆ ಕಾಲದ ಪಡೆಗಳು ಏಕೆ ಸಾಲುಗಟ್ಟಿ ನಿಲ್ಲುತ್ತಿದ್ದವು, ಏಕೆ ಒಟ್ಟಿಗೆ ಹಾರಿಸುತ್ತಿದ್ದವು, ಕೋವಿಯ ತುದಿಗೆ ಬಯೊನೆಟ್ ಏಕೆ ಬೇಕಿತ್ತು ಎಂಬ ಪ್ರಶ್ನೆಗಳಿಗೆ ಉತ್ತರ ಈ ಇಪ್ಪತ್ತು ಸೆಕೆಂಡಿನಲ್ಲಿದೆ.

ಇನ್ನಷ್ಟು ಹತ್ತಿರ ಹೋಗಿ ನೋಡಿದರೆ ಕೋವಿಯ ಮೈಮೇಲೆಯೇ ಇಸವಿ ಬರೆದಿರುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ಕೋವಿಗಳ ಲಾಕಿನ ತಗಡಿನ ಮೇಲೆ 1808ರವರೆಗೆ ಹೃದಯದ ಆಕಾರದ ಮುದ್ರೆ ಇರುತ್ತಿತ್ತು. ಆಮೇಲೆ ಬಂದದ್ದು ಹಿಂಗಾಲಿನ ಮೇಲೆ ಎದ್ದು ನಿಂತ ಸಿಂಹ. ಕಲ್ಲು ಹಿಡಿಯುವ ಕುದುರೆಯ ಆಕಾರವೂ ಬದಲಾಯಿತು. ಮೊದಲು ಹಂಸದ ಕತ್ತಿನಂತೆ ಬಾಗಿದ್ದದ್ದು ಮುರಿಯುತ್ತಿತ್ತೆಂದು 1809ರ ಸುಮಾರಿಗೆ ನಡುವೆ ತೂತಿರುವ ಗಟ್ಟಿ ಕುದುರೆಯನ್ನು ಬ್ರಿಟಿಷ್ ಸೇನೆ ತಂದಿತು. ಆದ್ದರಿಂದ ಟಿಪ್ಪುವಿನ ಕೊನೆಯ ಯುದ್ಧದಲ್ಲಿ ಸಿಂಹದ ಮುದ್ರೆ ಕಂಡರೆ ತಪ್ಪು. 1824ರ ಕಿತ್ತೂರಿನ ಯುದ್ಧದಲ್ಲಿ ಕಂಡರೆ ಸರಿ. ಟಿಪ್ಪುವಿನ ಕಾರ್ಖಾನೆಯಲ್ಲಿ ತಯಾರಾದ ಉತ್ತಮ ಕೋವಿಗಳ ಮೇಲೆ ಹುಲಿಯ ಪಟ್ಟೆಯ ಬಬ್ರಿ ವಿನ್ಯಾಸ, ಹುಲಿಮುಖಗಳ ಕೆತ್ತನೆ ಇರುತ್ತಿದ್ದವು. ಒಂದು ಕ್ಷಣ ಕ್ಯಾಮೆರಾ ಅವುಗಳ ಮೇಲೆ ನಿಂತರೆ ಆ ಕೋವಿ ಯಾರದು ಎಂದು ಹೇಳಲು ಸಂಭಾಷಣೆಯೇ ಬೇಡ.

ಕಿತ್ತೂರಿನ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆಯನ್ನು ಉರುಳಿಸಿದ್ದು ಅಮಟೂರು ಬಾಳಪ್ಪನ ಗುಂಡು. ಆ ಹೋರಾಟವನ್ನು ಮುಂದುವರಿಸಿದ ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರಲ್ಲಿ. ಕೇಪಿನ ಕೋವಿ ಬ್ರಿಟಿಷ್ ಸೇನೆಯ ಕೈಗೆ ಬಂದದ್ದು 1840ರ ಆಸುಪಾಸಿನಲ್ಲಿ. ನಮ್ಮ ಅಟ್ಟದ ಮೇಲಿನ ಕೇಪಿನ ಕೋವಿ ಎಷ್ಟೇ ಹಳೆಯದಾಗಿ ಕಂಡರೂ ಅದನ್ನು ಕಿತ್ತೂರಿನ ಯುದ್ಧಕ್ಕೆ ಒಯ್ಯುವಂತಿಲ್ಲ. ಬಾಳಪ್ಪನ ಕಾಲಕ್ಕೆ ಸಲ್ಲುವುದು ಚಕಮಕಿ ಕೋವಿ ಅಥವಾ ಬತ್ತಿ ಕೋವಿ. ತುಂಬುವ ಕಷ್ಟ, ಮಳೆಗೆ ತೊಯ್ದು ಕಿಡಿ ಹತ್ತದ ಭಯ, ಇಷ್ಟರ ನಡುವೆಯೂ ಬಿದ್ದ ಗುರಿ ಅದು. ಬಾಳಪ್ಪನ ಕೈಗೆ ಸರಿಯಾದ ಕೋವಿ ಕೊಟ್ಟಾಗಲೇ ಅವನ ಸಾಹಸದ ಅಳತೆ ಸಿಗುತ್ತದೆ.

ಹಾಲಿವುಡ್ಡಿನಲ್ಲಿಯೂ ಈ ಎಚ್ಚರ ನಿಧಾನವಾಗಿ ಬೆಳೆಯಿತು. ಅಲ್ಲಿ ಸ್ಟೆಂಬ್ರಿಜ್ ಎಂಬ ಸಂಸ್ಥೆ ದಶಕಗಳ ಕಾಲ ಸಿನಿಮಾಗಳಿಗೆ ಬಂದೂಕು ಬಾಡಿಗೆಗೆ ಕೊಡುತ್ತಿತ್ತು. ನೂರಾರು ಜನ ಇರುವ ದೃಶ್ಯದಲ್ಲಿ ಪ್ರತಿ ಟೇಕಿಗೂ ಚಕಮಕಿ ಕೋವಿ ತುಂಬುವುದು ಯಾರಿಗೂ ಆಗುವ ಮಾತಲ್ಲ. ಅದಕ್ಕೆ ಹಿಂದಿನಿಂದ ತೋಟಾ ತುಂಬುವ, ಅಮೆರಿಕದ ಅಂತರ್ಯುದ್ಧದ ನಂತರದ ‘ಟ್ರ್ಯಾಪ್‌ಡೋರ್’ ಸ್ಪ್ರಿಂಗ್‌ಫೀಲ್ಡ್ ರೈಫಲ್ಲಿಗೆ ಹುಸಿ ಚಕಮಕಿಯ ಕುದುರೆ ಜೋಡಿಸಿ ನಡೆಸುತ್ತಿದ್ದರು. 1836ರ ಕಥೆ ಹೇಳುವ ‘ದಿ ಅಲಾಮೊ’ದಲ್ಲಿ (1960) ಇಂಥವು ಕಾಣುತ್ತವೆ. 1879ರ ರೋರ್ಕ್ಸ್ ಡ್ರಿಫ್ಟ್ ಕಾಳಗವನ್ನು ತೋರಿಸುವ ‘ಝೂಲು’ (1964) ಸಿನಿಮಾದಲ್ಲಿ ಸೈನಿಕರ ಕೈಯಲ್ಲಿ ಆ ಕಾಲದ ಮಾರ್ಟಿನಿ-ಹೆನ್ರಿ ರೈಫಲ್‌ಗಳಿವೆ. ಆದರೆ ಅಧಿಕಾರಿಗಳು ಹಿಡಿದಿರುವ ವೆಬ್ಲಿ ರಿವಾಲ್ವರ್ 1915ರ ಮಾದರಿ. ಹಣ, ಸಮಯ, ಸಿಕ್ಕ ಸಾಮಾನು ಇವುಗಳ ಒಳಗೇ ದುಡಿದ ಜನ ಆ ಆರ್ಮರರ್‌ಗಳು. ಕೆಲಸ ಸಾಗಿಸಿದ ಅವರ ಜಾಣ್ಮೆಯನ್ನೂ ಮೆಚ್ಚಬೇಕು.

ಬಂದೂಕಿನ ಮಾದರಿ ಸರಿಯಿದ್ದೂ ಲೆಕ್ಕ ತಪ್ಪುವುದುಂಟು. ಎರಡನೆಯ ಮಹಾಯುದ್ಧದ ಹಳೆಯ ಸಿನಿಮಾಗಳಲ್ಲಿ ಜರ್ಮನ್ ಸೈನಿಕರೆಲ್ಲ ಎಂಪಿ-40 ಎಂಬ ಸಬ್‌ಮಷಿನ್ ಗನ್ ಹಿಡಿದೇ ಬರುತ್ತಾರೆ. ನಿಜದಲ್ಲಿ ಹತ್ತು ಜನರ ತುಕಡಿಯಲ್ಲಿ ಅದು ಸಾಮಾನ್ಯವಾಗಿ ನಾಯಕನ ಕೈಯಲ್ಲಿ ಇರುತ್ತಿತ್ತು. ಒಂದು ಮಷಿನ್ ಗನ್, ಉಳಿದವರಲ್ಲಿ ಹೆಚ್ಚಿನವರಿಗೆ ಐದು ಗುಂಡಿನ ಮೌಸರ್ ರೈಫಲ್. ಒಳ್ಳೆಯ ಆರ್ಮರರ್ ಆ ಅನುಪಾತವನ್ನು ಕಾಯುತ್ತಾನೆ.

ಇಂದು ಈ ಸಾಮಗ್ರಿಗಳು ಬರುವ ದಾರಿ ಹಲವು. ಇಟಲಿಯ ಗಾರ್ಡೋನೆ ವಾಲ್ ಟ್ರೋಂಪಿಯಾ ಊರಿನ ಪೆಡೆರ್ಸೋಲಿಯಂಥ ಕಂಪನಿಗಳು ಹಳೆಯ ಕೋವಿಗಳ ಪ್ರತಿರೂಪ ತಯಾರಿಸುತ್ತವೆ. ಭಾರತದ ಕುಶಲಕರ್ಮಿಗಳ ಕೈಯಲ್ಲಿ ತಯಾರಾದ ಚಕಮಕಿ ಕೋವಿಗಳು ಕಿಂಡಿ ಕೊರೆಯದೆಯೇ ಹೊರದೇಶಗಳಿಗೆ ಹೋಗುತ್ತವೆ. ಕ್ಯಾಮೆರಾದ ಹತ್ತಿರ ಬರುವ ಮುಖ್ಯ ನಟನಿಗೆ ಕಬ್ಬಿಣ, ಮರದ ಅಸಲಿ ಕೋವಿ. ಅದರಿಂದಲೇ ಅಚ್ಚು ತೆಗೆದು ಎರಕ ಹೊಯ್ದ ರಬ್ಬರ್ ಕೋವಿ ಓಡುವ, ಬೀಳುವ, ದೂರದಲ್ಲಿ ನಿಲ್ಲುವ ಜನರಿಗೆ. ಹಗುರವಾದ ರಬ್ಬರ್ ಕೋವಿಯನ್ನು ನಾಲ್ಕೂವರೆ ಕಿಲೋದ ಕೋವಿಯಂತೆ ಹೊತ್ತು ಓಡುವುದೂ ಕಲಿಯಬೇಕಾದ ವಿದ್ಯೆಯೇ.

ಗುಂಡಿಲ್ಲದೆ ಹಾರಿಸುವ ಬ್ಲ್ಯಾಂಕ್ ತೋಟಾದ ಕತೆ ಇನ್ನೂ ಸ್ವಾರಸ್ಯದ್ದು. ಕೈಯಿಂದ ಬೋಲ್ಟ್ ಎಳೆಯುವ ರೈಫಲ್ಲಿಗೆ ಅದರಿಂದ ತೊಂದರೆಯಿಲ್ಲ. ತಾನೇ ತುಂಬಿಕೊಳ್ಳುವ ಬಂದೂಕುಗಳಲ್ಲಿ ಹೆಚ್ಚಿನವು ಗುಂಡನ್ನು ದೂಡುವ ಅನಿಲದ ಒತ್ತಡದಿಂದಲೇ ಮುಂದಿನ ತೋಟಾವನ್ನು ಎಳೆದುಕೊಳ್ಳುತ್ತವೆ. ಗುಂಡೇ ಇಲ್ಲದಾಗ ಒತ್ತಡ ನಿಲ್ಲದೆ ನಳಿಗೆಯಿಂದ ಹೊರಗೆ ಹೋಗಿಬಿಡುತ್ತದೆ, ಯಂತ್ರ ಓಡುವುದಿಲ್ಲ. ಅದಕ್ಕಾಗಿ ನಳಿಗೆಯ ಒಳಗೆ, ಹೊರಗೆ ಕಾಣದಂತೆ, ಸಣ್ಣ ತೂತಿನ ಬಿರಡೆ ಕೂರಿಸುತ್ತಾರೆ. ತೂತು ದೊಡ್ಡದಾದರೆ ಬಂದೂಕು ಸಿಕ್ಕಿಕೊಳ್ಳುತ್ತದೆ, ಚಿಕ್ಕದಾದರೆ ಒತ್ತಡ ಮಿತಿಮೀರುತ್ತದೆ. ಈ ಹದವನ್ನು ಒಂದೊಂದು ಬಂದೂಕಿಗೂ ಬೇರೆಬೇರೆಯಾಗಿ ಕಂಡುಕೊಳ್ಳಬೇಕು.

‘ಸೇವಿಂಗ್ ಪ್ರೈವೇಟ್ ರಯಾನ್’ (1998) ಸಿನಿಮಾಕ್ಕೆ ಅಮೆರಿಕದ ಮರೀನ್ ಪಡೆಯ ನಿವೃತ್ತ ಕ್ಯಾಪ್ಟನ್ ಡೇಲ್ ಡೈ ನಟರನ್ನು ಶಿಬಿರಕ್ಕೆ ಕರೆದೊಯ್ದು ಪಳಗಿಸಿದರು. ಅದರಲ್ಲಿ ಎಂ1 ಗ್ಯಾರಂಡ್ ರೈಫಲ್ಲಿನ ಎಂಟನೆಯ ಗುಂಡು ಹಾರಿದೊಡನೆ ತೋಟಾಗಳನ್ನು ಹಿಡಿದಿದ್ದ ಕ್ಲಿಪ್ಪು ಟಿಂಗ್ ಎಂದು ಚಿಮ್ಮುತ್ತದೆ. ಆ ಸದ್ದು ಕೇಳಿದ ಕೂಡಲೇ ಸೈನಿಕನ ಕೈ ಸೊಂಟದ ಪಟ್ಟಿಗೆ ಹೋಗಬೇಕು. ನಟ ಹಾಗೆ ಮಾಡಿದಾಗ ನಮಗೆ ಅರಿವಿಲ್ಲದೆಯೇ ನಂಬಿಕೆ ಹುಟ್ಟುತ್ತದೆ. ‘1917’ (2019) ಸಿನಿಮಾದ ಲೀ-ಎನ್‌ಫೀಲ್ಡ್ ರೈಫಲ್ಲಿನ ನಡೆಯೇ ಬೇರೆ. ಜರ್ಮನರ ಮೌಸರಿನಲ್ಲಿ ಬೋಲ್ಟ್ ಎತ್ತುವಾಗ ಸ್ಪ್ರಿಂಗ್ ಬಿಗಿಯುತ್ತದೆ, ಲೀ-ಎನ್‌ಫೀಲ್ಡಿನಲ್ಲಿ ಬೋಲ್ಟ್ ಮುಂದಕ್ಕೆ ತಳ್ಳುವಾಗ. ಕೈಗೆ ತಾಗುವ ಪ್ರತಿರೋಧದ ಜಾಗ ಬೇರೆಯಾದ್ದರಿಂದ ಎರಡರ ಲಯವೂ ಬೇರೆ.

ಈ ಲೀ-ಎನ್‌ಫೀಲ್ಡೇ ನಮ್ಮ ಪೊಲೀಸರ ಹೆಗಲ ಮೇಲೆ ದಶಕಗಳ ಕಾಲ ಕಂಡ ‘ತ್ರೀ ನಾಟ್ ತ್ರೀ’. ಬಂಗಾಳದ ಇಶಾಪುರ ಕಾರ್ಖಾನೆ 1962ರ ಯುದ್ಧದ ನಂತರ 7.62 ಮಿಲಿಮೀಟರ್ ತೋಟಾಕ್ಕೆ ಹೊಂದುವಂತೆ ಅದನ್ನು ಬದಲಿಸಿ ತಯಾರಿಸಿತು. ನೋಡಲು ಅಣ್ಣತಮ್ಮಂದಿರಂತಿರುವ ಕಾರಣ ಸಿನಿಮಾಗಳಲ್ಲಿ ಹೊಸದೇ ಹಳೆಯದರ ವೇಷ ಹಾಕುವುದುಂಟು. ಗುರುತು ಹಿಡಿಯುವುದು ಸುಲಭ. ಹಳೆಯದರ ಮ್ಯಾಗಜಿನ್ನಿನ ತಳ ಓರೆಯಾಗಿದೆ, ಹೊಸದರದು ಚೌಕ.

ನಿಖರತೆಯ ಜೊತೆಗೇ ಅಪಾಯವೂ ಬರುತ್ತದೆ. ರಿವಾಲ್ವರಿನ ಮುಂಭಾಗ ಕ್ಯಾಮೆರಾಕ್ಕೆ ಕಂಡರೆ ಒಳಗಿನ ಗುಂಡುಗಳ ಮೂತಿ ಕಾಣಲೇಬೇಕು. ಅಲ್ಲಿ ಬ್ಲ್ಯಾಂಕ್ ನಡೆಯುವುದಿಲ್ಲ. ಅಸಲಿಯಂತೆಯೇ ಕಾಣುವ, ಮದ್ದಿಲ್ಲದ ಡಮ್ಮಿ ತೋಟಾ ಬೇಕು. ಅಸಲಿ ಯಾವುದು, ಡಮ್ಮಿ ಯಾವುದು ಎಂದು ಗುರುತಿಸಲು ಹಲವು ಡಮ್ಮಿಗಳ ಒಳಗೆ ಮದ್ದಿನ ಬದಲು ಪುಟ್ಟ ಉಕ್ಕಿನ ಗುಂಡು ಹಾಕಿರುತ್ತಾರೆ. ಆರ್ಮರರ್ ಒಂದೊಂದನ್ನೂ ಎತ್ತಿ, ಕಿವಿಯ ಹತ್ತಿರ ತಂದು ಅಲ್ಲಾಡಿಸುತ್ತಾನೆ. ಗಲಗಲ ಎಂದರೆ ಡಮ್ಮಿ. ಸದ್ದಿಲ್ಲದಿದ್ದರೆ ಪಕ್ಕಕ್ಕೆ. 2021ರ ಅಕ್ಟೋಬರ್ 21ರಂದು ‘ರಸ್ಟ್’ ಚಿತ್ರೀಕರಣದಲ್ಲಿ ರಿವಾಲ್ವರಿನೊಳಗೆ ಅಸಲಿ ತೋಟಾ ಸೇರಿಕೊಂಡಿತ್ತು. ಛಾಯಾಗ್ರಾಹಕಿ ಹಲೈನಾ ಹಚಿನ್ಸ್ ಪ್ರಾಣ ಕಳೆದುಕೊಂಡರು. ತೋಟಾಗಳನ್ನು ಒಂದೊಂದಾಗಿ ಕಿವಿಗಿಟ್ಟು ಕೇಳುವ ಆ ಕೆಲವು ನಿಮಿಷಗಳನ್ನು ಯಾವ ನಿರ್ದೇಶಕನ ಅವಸರಕ್ಕೂ ಬಿಟ್ಟುಕೊಡಬಾರದು.

ಇಷ್ಟೆಲ್ಲ ಶ್ರಮ ಏತಕ್ಕೆ ಎಂದು ಕೇಳುವವರಿಗೆ ನಾನು ಜಲಿಯನ್‌ವಾಲಾ ಬಾಗಿನ ಹತ್ಯಾಕಾಂಡವನ್ನು ನೆನಪಿಸುತ್ತೇನೆ. ‘ಗಾಂಧಿ’ (1982), ‘ಸರ್ದಾರ್ ಉಧಮ್’ (2021) ಎರಡೂ ಅದನ್ನು ತೆರೆಗೆ ತಂದಿವೆ. 1919ರ ಏಪ್ರಿಲ್ 13ರಂದು ಅಲ್ಲಿ ಗುಂಡು ಹಾರಿಸಿದವರ ಕೈಯಲ್ಲಿ ಮಷಿನ್ ಗನ್ ಇರಲಿಲ್ಲ, ತ್ರೀ ನಾಟ್ ತ್ರೀ ರೈಫಲ್ ಇತ್ತು. ಮಷಿನ್ ಗನ್ನಾದರೆ ಬೆರಳು ಒಮ್ಮೆ ಒತ್ತಿದರೆ ಮುಗಿಯಿತು. ಈ ರೈಫಲ್ಲಿನಲ್ಲಿ ಪ್ರತಿ ಗುಂಡಿಗೂ ಬೋಲ್ಟ್ ಎತ್ತಬೇಕು, ಹಿಂದಕ್ಕೆ ಎಳೆಯಬೇಕು, ಮುಂದಕ್ಕೆ ತಳ್ಳಬೇಕು, ಇಳಿಸಬೇಕು, ಮತ್ತೆ ಗುರಿಯಿಡಬೇಕು. ಹತ್ತು ಗುಂಡು ತೀರಿದರೆ ಮತ್ತೆ ತುಂಬಬೇಕು. ಪ್ರತಿ ಸಲವೂ ಕಣ್ಣೆದುರು ಓಡುತ್ತಿರುವ ಜನ ಕಾಣುತ್ತಾರೆ, ನಿಲ್ಲಿಸಲು ಅವಕಾಶವಿರುತ್ತದೆ. ಮಷಿನ್ ಗನ್ ತೋರಿಸಿದ ಸಿನಿಮಾ ಆ ಅವಕಾಶವನ್ನು ಅಳಿಸಿಬಿಡುತ್ತದೆ. ಸರಿಯಾದ ರೈಫಲ್ ತೋರಿಸಿದ ಸಿನಿಮಾ ಅದನ್ನು ನಮ್ಮ ಮುಂದೆ ಇಡುತ್ತದೆ.

ಅಂದು ಗುಂಡು ಹಾರಿಸಲು ಆಜ್ಞೆ ಕೊಟ್ಟ ಅಧಿಕಾರಿ ಡಯರ್, ವಿಚಾರಣಾ ಸಮಿತಿಯ ಮುಂದೆ ಹೇಳಿದ ಲೆಕ್ಕ ಹೀಗಿದೆ: ರೈಫಲ್ ಹಿಡಿದ 50 ಸೈನಿಕರು, ಸುಮಾರು ಹತ್ತು ನಿಮಿಷ, 1,650 ಗುಂಡು. ಸರಾಸರಿ ಒಬ್ಬೊಬ್ಬನ ಪಾಲಿಗೆ 33. ಮೂವತ್ತಮೂರು ಸಲವೂ ಬೋಲ್ಟನ್ನು ಕೈಯಿಂದಲೇ ಎಳೆಯಲಾಗಿತ್ತು.