ಮುತ್ಯಾ ತಡೆದ ಸ್ವರ

ಜೇವರ್ಗಿ ಕಡೆಯ ಒಂದು ಹಳ್ಳಿಯ ಮಠದಲ್ಲಿ ಅಮಾವಾಸ್ಯೆಯ ಭಜನೆ. ನಡುರಾತ್ರಿ ದಾಟಿತ್ತು. ಏಕತಾರಿ ಹಿಡಿದ ಮುದುಕ ಪಲ್ಲವಿಯ ಕೊನೆಯ ಅಕ್ಷರವನ್ನು ಎಳೆದು, ಷಡ್ಜಕ್ಕೆ ಇಳಿಯಬೇಕಾದಲ್ಲಿ ಇಳಿಯದೆ ಒಂದು ಸ್ವರ ಮೇಲೆಯೇ ತಡೆದು ನಿಂತ. ದಮ್ಮಡಿಯ ಕೈಯೂ ನಿಂತಿತು. ಆಮೇಲೆ ಸ್ವರ ಮೆಲ್ಲಗೆ ಜಾರಿ ತಂತಿಯ ನಾದದಲ್ಲಿ ಸೇರಿಕೊಂಡಿತು. ಕಂಬಕ್ಕೊರಗಿ ತೂಕಡಿಸುತ್ತಿದ್ದವನೊಬ್ಬ ನೆಟ್ಟಗೆ ಕೂತು, "ಮುತ್ಯಾ, ಅದೇ ನುಡಿ ಮತ್ತೊಮ್ಮಿ ಅನ್ರಿ" ಎಂದ. ನನ್ನ ಮುಂಗೈಯ ಕೂದಲು ನಿಮಿರಿದ್ದವು.

ಕಡಕೋಳ ಮಡಿವಾಳಪ್ಪ, ಅವರ ಶಿಷ್ಯ ಚೆನ್ನೂರ ಜಲಾಲ ಸಾಹೇಬರ ತತ್ವಪದಗಳ ಸೀಮೆಯಿದು. ಇಲ್ಲಿ ಮೈ ಝುಮ್ ಎನ್ನುವುದು ಹೊಸ ಸಂಗತಿಯೇನಲ್ಲ. ಹೀಗಾಗುವುದು ಪದದ ಯಾವ ಜಾಗದಲ್ಲಿ ಎಂಬುದು ಕುತೂಹಲದ ಪ್ರಶ್ನೆ. ಇಂಗ್ಲೆಂಡಿನ ಜಾನ್ ಸ್ಲೊಬೋಡಾ 1991ರಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಕೇಳುಗರನ್ನು ಇದನ್ನೇ ಕೇಳಿದ್ದರು. ಕಣ್ಣು ತುಂಬಿ ಬಂದ ಜಾಗಗಳಲ್ಲಿ ಪದೇಪದೇ ಸಿಕ್ಕಿದ್ದು ಮುಂದಿನ ಸ್ವರದ ಮೇಲೆ ಒರಗಿ, ತಡೆದು, ಬಳಿಕ ಅದರೊಳಗೆ ಇಳಿಯುವ ಸ್ವರ. ನಮ್ಮ ಮುತ್ಯಾ ಮಾಡಿದ್ದೂ ಹೆಚ್ಚುಕಡಿಮೆ ಅದನ್ನೇ. ರೋಮಾಂಚನಕ್ಕೆ ಮಾತ್ರ ಆ ಪಾಶ್ಚಾತ್ಯ ಕೇಳುಗರಲ್ಲಿ ಅನಿರೀಕ್ಷಿತ ಸ್ವರಮೇಳದ ತಿರುವುಗಳೇ ಹೆಚ್ಚು ಕಾರಣವಾಗಿದ್ದವು. ಏಕತಾರಿಯಲ್ಲಿ ಅಂಥ ತಿರುವಿಗೆ ಎಡೆಯಿಲ್ಲ. ಇರುವುದು ಒಂದೇ ತಂತಿ, ಅದು ಮನೆಯ ದಾರಿಯನ್ನು ಬಿಡದೆ ನೆನಪಿಸುತ್ತದೆ. ತಡೆಯುವುದು ಅಷ್ಟು ನಾಟುವುದೂ ಅದರಿಂದಲೇ ಇರಬೇಕು.

ಕಾಯಿಸುವುದರಲ್ಲಿ ಸುಖವಿದೆಯೇ? ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ, ಸಂಗೀತ ಕೇಳಿದರೆ ಮೈ ನವಿರೇಳುವವರನ್ನೇ ಹುಡುಕಿ, ಅವರಿಗೆ ಇಷ್ಟವಾದ ಸಂಗೀತವನ್ನೇ ಹಾಕಿ, ಮಿದುಳನ್ನು ಸ್ಕ್ಯಾನ್ ಮಾಡಿದರು. ಪರಾಕಾಷ್ಠೆಯ ಗಳಿಗೆಯಲ್ಲಿ ಡೋಪಮೈನ್ ಸ್ರವಿಸಿತು, ಅದು ಹಸಿದವನಿಗೆ ಊಟ ಸಿಕ್ಕಾಗಲೂ ಕೆಲಸ ಮಾಡುವ ರಾಸಾಯನಿಕ. ಆದರೆ ಅದಕ್ಕೂ ಕೆಲವು ಸೆಕೆಂಡು ಮೊದಲೇ, ಬರಲಿದೆ ಎಂದು ಕಾಯುವಾಗಲೇ, ಮಿದುಳಿನ ಇನ್ನೊಂದು ಭಾಗದಲ್ಲಿ ಅದು ಹರಿದಿತ್ತು. ಸ್ಕ್ಯಾನ್‌ಗೆ ಒಳಪಟ್ಟವರು ಬರೀ 8 ಜನ ಎಂಬುದನ್ನೂ ಹೇಳಿಬಿಡಬೇಕು.

ತಟ್ಟುವುದು ಕಾಯಿಸುವುದೊಂದೇ ಅಲ್ಲ, ದನಿಯೂ ತಟ್ಟುತ್ತದೆ. ಚೆಲ್ಲೋ ಎಂಬ ದೊಡ್ಡ ಪಿಟೀಲನ್ನು ಕೇಳಿದವರು ಅದು ಮನುಷ್ಯನಂತೆ ಅಳುತ್ತದೆ ಎನ್ನುತ್ತಾರೆ. ಅದರ ನಾಲ್ಕು ತಂತಿಗಳ ಕಂಪನ ಸೆಕೆಂಡಿಗೆ ಸುಮಾರು 65, 98, 147, 220. ಗಂಡಸರ ಮಾತಿನ ಶ್ರುತಿ, ಹೆಂಗಸರ ಮಾತಿನ ಶ್ರುತಿ ಎರಡೂ ಚೆಲ್ಲೋದ ಹರವಿನೊಳಗೇ ಬರುತ್ತವೆ. ದುಃಖದಲ್ಲಿರುವವರ ಮಾತು ನಿಧಾನ, ಮೆತ್ತಗೆ, ತಗ್ಗಿದ ದನಿ. ಸಿಟ್ಟಿನದು ವೇಗ, ಜೋರು. ವಾದಕರೂ ಇದೇ ಗುರುತುಗಳನ್ನು ಬಳಸುತ್ತಾರೆ ಎಂದು 2003ರಲ್ಲಿ ಪ್ಯಾಟ್ರಿಕ್ ಯುಸ್ಲಿನ್ ಮತ್ತು ಪೆಟ್ರಿ ಲೌಕ್ಕಾ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗಿಟ್ಟು ತೋರಿಸಿದರು.

ಹಾಗಾದರೆ ಭಾಷೆ ಬಾರದವನಿಗೂ ಪದ ತಟ್ಟೀತೇ? 1999ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 30 ಪಾಶ್ಚಾತ್ಯರಿಗೆ ಹಿಂದೂಸ್ತಾನಿ ರಾಗಗಳ 12 ತುಣುಕು ಕೇಳಿಸಿದ್ದರು. ಸಂತೋಷ, ದುಃಖ, ಸಿಟ್ಟು ಅವರಿಗೆ ತಿಳಿದವು. ಶಾಂತ ತಿಳಿಯಲಿಲ್ಲ. ಇದು ನನಗೆ ಅಚ್ಚರಿಯಲ್ಲ. ಶಾಂತರಸಕ್ಕೆ ಕಿವಿ ಪಳಗಬೇಕು, ಜೊತೆಗೆ ಕೂತು ಕೇಳುವವರೂ ಬೇಕು.

ಈ ಮಾತು ಹಳೆಯದು. ಸಂಗೀತ ಕೇಳಲು ತಕ್ಕ ಹೊತ್ತು, ತಕ್ಕ ಜಾಗ, ತಕ್ಕ ಸಂಗಾತಿಗಳು ಬೇಕೆಂಬುದು ಸೂಫಿಗಳ ನಿಯಮ. 1422ರಲ್ಲಿ ಕಲಬುರಗಿಯಲ್ಲಿ ತೀರಿಕೊಂಡ ಖ್ವಾಜಾ ಬಂದೇನವಾಜರದು ಸಂಗೀತ ಕೇಳುವುದನ್ನೇ ಸಾಧನೆಯಾಗಿಸಿಕೊಂಡ ಚಿಶ್ತಿ ಪರಂಪರೆ. ಆಳಂದದ ದರ್ಗಾದಲ್ಲಾಗಲಿ, ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಪಾಲಕಿ ಹಿಂದಾಗಲಿ, ಒಬ್ಬನೇ ಕೂತು ಕೇಳುವವನು ಅಪರೂಪ.

ಅಂದಿನ ಭಜನೆಯನ್ನು ಮೊಬೈಲಿನಲ್ಲಿ ಹಿಡಿದುಕೊಂಡಿದ್ದೆ. ಮರುದಿನ ಬಸ್ಸಿನಲ್ಲಿ ಕೇಳಿದೆ. ತಡೆದ ಸ್ವರ ಬಂತು, ಹೋಯಿತು. ಮುಂಗೈಗೆ ಏನೂ ಆಗಲಿಲ್ಲ. ಹಿಂದೆಯೇ ಕಂಬದ ಬುಡದಿಂದ "ಮುತ್ಯಾ" ಎಂಬ ದನಿ ಕೇಳಿತು. ಆಗ ಕೂದಲು ಎದ್ದವು.