ನೆರೆಮನೆಯ ನೋವು, ಊರಿನ ಹೊಣೆ
ಕೇರಳದ ಉಪಶಮನ ಸೇವೆಯಲ್ಲಿ ಸರಕಾರ ಮತ್ತು ಸಮುದಾಯ

ಒಂದು ನಾಡಿನ ಆರೋಗ್ಯವನ್ನು ಅಲ್ಲಿಯ ಆಸ್ಪತ್ರೆಗಳ ಸಂಖ್ಯೆಯಿಂದಲೂ ವೈದ್ಯರ ಸಂಖ್ಯೆಯಿಂದಲೂ ಅಳೆಯುವುದು ವಾಡಿಕೆ. ಈ ಅಳತೆ ತಪ್ಪಲ್ಲ. ಆದರೆ ಪೂರ್ಣವೂ ಅಲ್ಲ. ಗುಣವಾಗದ ರೋಗಕ್ಕೆ ತುತ್ತಾಗಿ, ಆಸ್ಪತ್ರೆಯಿಂದ ಹಿಂದಿರುಗಿ, ಮನೆಯ ಮೂಲೆಯಲ್ಲಿ ಮಲಗಿರುವ ಬಡವನೊಬ್ಬನನ್ನು ಆ ನಾಡು ಹೇಗೆ ನೋಡಿಕೊಳ್ಳುತ್ತದೆ ಎಂಬುದು ಇನ್ನೊಂದು ಅಳತೆಗೋಲು. "ಇನ್ನು ಮಾಡುವುದೇನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ" ಎಂದು ವೈದ್ಯರು ಹೇಳಿದ ದಿನದಿಂದಲೇ ರೋಗಿಯ ನಿಜವಾದ ಕಷ್ಟಗಳು ಮೊದಲಾಗುತ್ತವೆ. ನೋವು, ಹುಣ್ಣು, ನಿದ್ರೆಯಿಲ್ಲದ ರಾತ್ರಿಗಳು, ತೀರದ ಸಾಲ, ಶಾಲೆ ಬಿಟ್ಟ ಮಕ್ಕಳು—ಇವೆಲ್ಲವೂ ಆ ಮನೆಯೊಳಗೇ ಉಳಿದುಬಿಡುತ್ತವೆ.

ಇಂತಹ ಮನೆಗಳ ಬಾಗಿಲನ್ನು ತಟ್ಟುವ ಕಾರ್ಯದಲ್ಲಿ ನಮ್ಮ ನೆರೆಯ ಕೇರಳ ರಾಜ್ಯವು ಕಳೆದ ಮೂರು ದಶಕಗಳಲ್ಲಿ ಸಾಧಿಸಿದುದು ಸಾಮಾನ್ಯವಾದುದಲ್ಲ. ಅಲ್ಲಿಯ ಆರೋಗ್ಯ ಇಲಾಖೆ, ಗ್ರಾಮ ಪಂಚಾಯತಿಗಳು ಮತ್ತು ಊರಿನ ಸ್ವಯಂಸೇವಕರು ಒಂದಾಗಿ ಕಟ್ಟಿದ ಸೇವೆಯ ಸ್ವರೂಪವನ್ನೂ ಅದರ ಇತಿಮಿತಿಗಳನ್ನೂ ಪರಿಚಯಿಸುವುದು ಈ ಲೇಖನದ ಉದ್ದೇಶ. ದಾಸೋಹವನ್ನೇ ಉಸಿರಾಗಿಸಿಕೊಂಡಿರುವ ಶ್ರೀಮಠದ ಆಶ್ರಯದಲ್ಲಿ ಬೆಳೆದ ನಮಗೆ ಈ ವಿಷಯವು ದೂರದ್ದೆಂದು ತೋರಲಾರದು.

ಉಪಶಮನ ಸೇವೆ ಎಂದರೇನು?

ರೋಗವನ್ನು ಗುಣಪಡಿಸಲು ಸಾಧ್ಯವಾಗದಿದ್ದರೂ ರೋಗಿಯ ಸಂಕಟವನ್ನು ಕಡಮೆ ಮಾಡಲು ಸಾಧ್ಯ ಎಂಬ ತಿಳಿವೇ ಈ ಸೇವೆಯ ಬುನಾದಿ. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಎಂಬ ಧಾಮವನ್ನು ತೆರೆದ ಡಾ. ಸಿಸಿಲಿ ಸಾಂಡರ್ಸ್ ಅವರು ನೋವು ಕೇವಲ ದೇಹದ್ದಲ್ಲ; ಮನಸ್ಸಿನ, ಸಂಸಾರದ, ಆತ್ಮದ ನೋವುಗಳೂ ಅದರಲ್ಲಿ ಬೆರೆತಿರುತ್ತವೆ ಎಂದು ತೋರಿಸಿಕೊಟ್ಟರು. ಭಾರತದಲ್ಲಿ 1986ರಲ್ಲಿ ಮುಂಬಯಿಯ ಶಾಂತಿ ಅವೇದನಾ ಸದನವು ಈ ಮಾದರಿಯ ಮೊದಲ ಧಾಮವಾಗಿ ಆರಂಭವಾಯಿತು. ಬೆಂಗಳೂರಿನಲ್ಲಿ 1999ರಲ್ಲಿ ಕರುಣಾಶ್ರಯವು ಕ್ಯಾನ್ಸರ್ ರೋಗಿಗಳಿಗಾಗಿ ಬಾಗಿಲು ತೆರೆಯಿತು.

ಧಾಮಗಳು ಅವಶ್ಯಕವೇನೋ ಹೌದು. ಆದರೆ ಒಂದು ಧಾಮದಲ್ಲಿ ಎಷ್ಟು ಹಾಸಿಗೆಗಳನ್ನು ಹಾಕಲು ಸಾಧ್ಯ? ರೋಗಿಗಳಲ್ಲಿ ಬಹುತೇಕರು ತಮ್ಮ ಮನೆಯಲ್ಲಿಯೇ, ತಮ್ಮವರ ನಡುವೆಯೇ ಕೊನೆಯ ದಿನಗಳನ್ನು ಕಳೆಯಲು ಬಯಸುತ್ತಾರೆ. ಆದುದರಿಂದ ಸೇವೆಯೇ ಮನೆಗೆ ಹೋಗಬೇಕು. ಕೇರಳವು ಹಿಡಿದ ಹಾದಿ ಇದು.

ನೋವಿನ ಮದ್ದಿಗೆ ಬಂದ ಅಡ್ಡಿ

ಕ್ಯಾನ್ಸರಿನ ತೀವ್ರ ನೋವಿಗೆ ಬಾಯಿಯ ಮೂಲಕ ನುಂಗುವ ಮಾರ್ಫೀನ್ ಮಾತ್ರೆಯು ಅಗ್ಗವೂ ಪರಿಣಾಮಕಾರಿಯೂ ಆದ ಔಷಧ. ವಿಶ್ವ ಆರೋಗ್ಯ ಸಂಸ್ಥೆಯು 1986ರಲ್ಲಿಯೇ ಅದರ ಕ್ರಮಬದ್ಧ ಬಳಕೆಯನ್ನು ಶಿಫಾರಸು ಮಾಡಿತ್ತು. ಮಾರ್ಫೀನಿಗೆ ಮೂಲವಾದ ಅಫೀಮನ್ನು ಕಾನೂನುಬದ್ಧವಾಗಿ ಬೆಳೆಯುವ ದೇಶಗಳಲ್ಲಿ ಭಾರತವೂ ಒಂದು. ಹೀಗಿದ್ದೂ ನಮ್ಮ ರೋಗಿಗಳಿಗೆ ಅದು ದೊರೆಯದೆ ಹೋದುದು ವಿಪರ್ಯಾಸವೇ ಸರಿ.

ಇದಕ್ಕೆ ಕಾರಣ 1985ರ ಮಾದಕ ವಸ್ತುಗಳ ನಿಯಂತ್ರಣ ಕಾಯಿದೆ. ಕಳ್ಳಸಾಗಣೆಯನ್ನು ತಡೆಯುವ ಸದುದ್ದೇಶದಿಂದ ಬಂದ ಈ ಕಾಯಿದೆಯು ಹಲವು ಪರವಾನಗಿಗಳನ್ನೂ ಕಠಿಣ ಶಿಕ್ಷೆಗಳನ್ನೂ ವಿಧಿಸಿತು. ಒಂದು ಪರವಾನಗಿ ಕೈಸೇರುವ ವೇಳೆಗೆ ಇನ್ನೊಂದರ ಅವಧಿ ಮುಗಿದಿರುತ್ತಿತ್ತು. ಆಸ್ಪತ್ರೆಗಳು ಈ ಗೊಡವೆಯೇ ಬೇಡವೆಂದು ಮಾರ್ಫೀನನ್ನು ತರಿಸುವುದನ್ನೇ ಬಿಟ್ಟವು. 1997ರ ಹೊತ್ತಿಗೆ ದೇಶದಲ್ಲಿ ವೈದ್ಯಕೀಯ ಮಾರ್ಫೀನಿನ ಬಳಕೆಯು ಶೇಕಡಾ 97ರಷ್ಟು ಕುಸಿದು, ವರ್ಷಕ್ಕೆ ಕೇವಲ 18 ಕಿಲೋಗ್ರಾಂಗೆ ಇಳಿದಿತ್ತು. ಒಂದು ಕಾಯಿದೆಯ ಮರೆಯಲ್ಲಿ ಅದೆಷ್ಟು ಮನೆಗಳಲ್ಲಿ ಅದೆಷ್ಟು ನರಳಾಟ ನಡೆದಿರಬೇಕೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು. ಕೇರಳದ ವೈದ್ಯರ ಪ್ರಯತ್ನದಿಂದ ಅಲ್ಲಿಯ ನಿಯಮಗಳು 1990ರ ದಶಕದ ಕೊನೆಯಲ್ಲಿ ಸರಳಗೊಂಡವು. ದೇಶದ ಮಟ್ಟದಲ್ಲಿ ಈ ಕಾಯಿದೆಗೆ ತಿದ್ದುಪಡಿಯಾದುದು 2014ರಲ್ಲಿ.

ಕಲ್ಲಿಕೋಟೆಯ ಒಂದು ಕೋಣೆಯಿಂದ

1993ರಲ್ಲಿ ಕಲ್ಲಿಕೋಟೆಯ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯದ ಅರಿವಳಿಕೆ ತಜ್ಞರಾದ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಹಾಗೂ ಅವರ ಸಂಗಡಿಗರು ನೋವು ಮತ್ತು ಉಪಶಮನ ಸೇವಾ ಸಂಘವನ್ನು ಸ್ಥಾಪಿಸಿದರು. ಆರಂಭದಲ್ಲಿ ಅದು ಆಸ್ಪತ್ರೆಯ ಆವರಣದಲ್ಲಿಯ ಒಂದು ಹೊರರೋಗಿ ವಿಭಾಗವಷ್ಟೇ ಆಗಿತ್ತು. ಜಾಗ ಸರಕಾರದ್ದು, ಔಷಧ, ದಾದಿಯರ ವೇತನ ಮೊದಲಾದುವಕ್ಕೆ ಹಣ ಸಾರ್ವಜನಿಕರದ್ದು. ಸರಕಾರ ಮತ್ತು ಸಮಾಜ ಕೈಜೋಡಿಸುವ ಪದ್ಧತಿಗೆ ಅಲ್ಲಿಯೇ ಬೀಜ ಬಿತ್ತು.

ಆದರೆ ಕೆಲವೇ ವರ್ಷಗಳಲ್ಲಿ ಒಂದು ಕೊರತೆ ಎದ್ದುಕಂಡಿತು. ರೋಗ ಉಲ್ಬಣಿಸಿದಂತೆ ರೋಗಿಯು ದೂರದ ಕಲ್ಲಿಕೋಟೆಗೆ ಬರಲಾರದವನಾಗುತ್ತಿದ್ದನು. ಸೇವೆಯ ಅಗತ್ಯ ಹೆಚ್ಚಿದಾಗಲೇ ಅದು ತಪ್ಪಿಹೋಗುತ್ತಿತ್ತು. ಬಂದವರಿಗೂ ಮಾತ್ರೆಯಷ್ಟೇ ಸಾಲುತ್ತಿರಲಿಲ್ಲ. ಮನೆಯಲ್ಲಿ ಅಕ್ಕಿಯಿಲ್ಲದಿದ್ದರೆ, ಮಗುವಿನ ಶಾಲೆಯ ಶುಲ್ಕ ಕಟ್ಟುವವರಿಲ್ಲದಿದ್ದರೆ, ವೈದ್ಯನು ಬರೆಯುವ ಚೀಟಿಯಿಂದ ಆಗುವುದೇನು? ಈ ಪ್ರಶ್ನೆಗೆ ಉತ್ತರ ಆಸ್ಪತ್ರೆಯಲ್ಲಿರಲಿಲ್ಲ; ಊರಿನಲ್ಲಿತ್ತು.

ನೆರೆಹೊರೆಯ ಜಾಲ

1990ರ ದಶಕದ ಕೊನೆಯಲ್ಲಿ ಮಲಪ್ಪುರಂ ಜಿಲ್ಲೆಯನ್ನು ಕೇಂದ್ರವಾಗಿಟ್ಟುಕೊಂಡು ನೆರೆಹೊರೆಯ ಉಪಶಮನ ಸೇವಾ ಜಾಲವು ರೂಪುಗೊಂಡಿತು. ವಾರಕ್ಕೆ ಎರಡು ಗಂಟೆಗಳನ್ನಾದರೂ ಕೊಡಬಲ್ಲವರು ಮುಂದೆ ಬರಬೇಕು, ಅವರಿಗೆ ತಕ್ಕ ತರಬೇತಿ ನೀಡಬೇಕು, ಅವರು ತಮ್ಮ ಬೀದಿಯ ರೋಗಿಗಳನ್ನು ಗುರುತಿಸಬೇಕು ಎಂಬುದು ಅದರ ಸರಳ ಸೂತ್ರ. ಶಿಕ್ಷಕರು, ಕೂಲಿಕಾರರು, ವ್ಯಾಪಾರಿಗಳು, ಗೃಹಿಣಿಯರು, ವಿದ್ಯಾರ್ಥಿಗಳು ಈ ಕಾರ್ಯಕ್ಕೆ ಬಂದರು. ರೋಗಿಯ ಹಾಸಿಗೆಯನ್ನು ಸರಿಪಡಿಸುವುದು, ಬೆನ್ನಿನ ಹುಣ್ಣಾಗದಂತೆ ಮಗ್ಗುಲು ಬದಲಿಸುವುದನ್ನು ಮನೆಯವರಿಗೆ ಕಲಿಸುವುದು, ಕುಟುಂಬಕ್ಕೆ ದಿನಸಿ ಒದಗಿಸುವುದು, ಸರಕಾರದ ಪಿಂಚಣಿಗೆ ಅರ್ಜಿ ಬರೆದುಕೊಡುವುದು—ಇವುಗಳಿಗೆ ವೈದ್ಯಕೀಯ ಪದವಿ ಬೇಕಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಪಕ್ಕದಲ್ಲಿ ಕುಳಿತು ರೋಗಿಯ ಮಾತನ್ನು ಕೇಳುವುದಕ್ಕೆ ಮನಸ್ಸೊಂದೇ ಸಾಕು.

ಹಣ ಕೂಡಿದ ಬಗೆಯೂ ಗಮನಾರ್ಹವಾದುದು. ದೊಡ್ಡ ದಾನಿಗಳನ್ನೇ ನೆಚ್ಚಿ ಕೂಡದೆ, ಅಂಗಡಿಗಳಲ್ಲಿ ಕಾಣಿಕೆಯ ಡಬ್ಬಿಗಳನ್ನು ಇಟ್ಟರು. ಶಾಲಾ ಮಕ್ಕಳು ನಾಣ್ಯಗಳನ್ನು ಕೂಡಿಸಿದರು. ದಿನಕ್ಕೆ ಒಂದು ರೂಪಾಯಿಯಂತೆ ಕೊಡುವವರೂ ಇದ್ದರು. ಅಲ್ಪ ಮೊತ್ತವಾದರೂ ಅನೇಕರು ಕೊಟ್ಟುದರಿಂದ ಸೇವೆಯು ಯಾರೊಬ್ಬರ ಸ್ವತ್ತೂ ಆಗಲಿಲ್ಲ. ಕೊಟ್ಟವನಿಗೆ ಲೆಕ್ಕ ಕೇಳುವ ಹಕ್ಕೂ ಬಂದಿತು. ಕೆಲಸದಲ್ಲಿ ಪಾಲುಗೊಳ್ಳುವ ಅಭಿಮಾನವೂ ಬೆಳೆಯಿತು.

ಸರಕಾರದ ಪ್ರವೇಶ

ಜನರ ಈ ಕಾರ್ಯವನ್ನು ಸರಕಾರವು ಕಣ್ಣೆತ್ತಿ ನೋಡಲು ಅಲ್ಲಿಯ ಪಂಚಾಯತಿ ವ್ಯವಸ್ಥೆಯೂ ನೆರವಾಯಿತು. ಕೇರಳದಲ್ಲಿ 1990ರ ದಶಕದಲ್ಲಿಯೇ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಗ್ರಾಮ ಪಂಚಾಯತಿಗಳ ಆಡಳಿತಕ್ಕೆ ಒಪ್ಪಿಸಲಾಗಿತ್ತು. 1996ರ ಜನತಾ ಯೋಜನೆಯಿಂದ ಪಂಚಾಯತಿಗಳ ಕೈಗೆ ಯೋಜನಾ ಹಣದ ಗಣನೀಯ ಭಾಗವೂ ಬಂದಿತ್ತು. 2008ರ ಏಪ್ರಿಲ್ ತಿಂಗಳಲ್ಲಿ ಕೇರಳ ಸರಕಾರವು ಉಪಶಮನ ಸೇವಾ ನೀತಿಯನ್ನು ಪ್ರಕಟಿಸಿತು. ಇಂತಹ ನೀತಿಯನ್ನು ಹೊರಡಿಸಿದ ಭಾರತದ ಮೊದಲ ರಾಜ್ಯ ಅದೇ. 2019ರಲ್ಲಿ ಆ ನೀತಿಯನ್ನು ಪರಿಷ್ಕರಿಸಲಾಯಿತು.

ಈ ವ್ಯವಸ್ಥೆಗೆ ಮೂರು ಮೆಟ್ಟಿಲುಗಳಿವೆ. ಮೊದಲನೆಯದು ಪಂಚಾಯತಿಯ ಮಟ್ಟ. ಇಲ್ಲಿ ವಿಶೇಷ ತರಬೇತಿ ಪಡೆದ ದಾದಿಯೊಬ್ಬರು ಆಶಾ ಕಾರ್ಯಕರ್ತೆ ಹಾಗೂ ಸ್ವಯಂಸೇವಕರೊಡನೆ ಮನೆಮನೆಗೆ ತೆರಳುತ್ತಾರೆ. ದಾದಿಯ ವೇತನ, ವಾಹನ, ಔಷಧಗಳ ಖರ್ಚು ಪಂಚಾಯತಿಯದು; ಮೇಲ್ವಿಚಾರಣೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರದು. ಅಲ್ಲಿ ನಿಭಾಯಿಸಲಾಗದ ತೊಂದರೆಗಳಿಗೆ ತಾಲ್ಲೂಕು ಆಸ್ಪತ್ರೆಯ ತಂಡವು ಎರಡನೆಯ ಮೆಟ್ಟಿಲು. ಜಿಲ್ಲಾ ಆಸ್ಪತ್ರೆ, ವೈದ್ಯಕೀಯ ಮಹಾವಿದ್ಯಾಲಯಗಳು ಮೂರನೆಯದು. ತರಬೇತಿಯ ಹೊಣೆಯೂ ಅಲ್ಲಿಯದೇ. ಕ್ಯಾನ್ಸರ್ ರೋಗಿಗಳಷ್ಟೇ ಅಲ್ಲದೆ ಪಾರ್ಶ್ವವಾಯು ಬಡಿದವರು, ಬೆನ್ನುಹುರಿ ಮುರಿದವರು, ಮೂತ್ರಪಿಂಡ ಕೆಟ್ಟವರು, ಹಾಸಿಗೆ ಹಿಡಿದ ವೃದ್ಧರು ಎಲ್ಲರೂ ಈ ಸೇವೆಗೆ ಅರ್ಹರು.

2010ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಸಮೀಕ್ಷೆಯೊಂದು ಕೊನೆಗಾಲದ ಆರೈಕೆಯಲ್ಲಿ 40 ದೇಶಗಳ ಪೈಕಿ ಭಾರತವನ್ನು ಕಟ್ಟಕಡೆಯ ಸ್ಥಾನದಲ್ಲಿ ನಿಲ್ಲಿಸಿತು. ಅದೇ ಸಮೀಕ್ಷೆಯು, ದೇಶದ ಜನಸಂಖ್ಯೆಯಲ್ಲಿ ಕೇವಲ ಶೇಕಡಾ 3ರಷ್ಟಿರುವ ಕೇರಳವು ದೇಶದ ಉಪಶಮನ ಸೇವೆಯ ಮೂರರಲ್ಲಿ ಎರಡು ಪಾಲನ್ನು ಒದಗಿಸುತ್ತಿದೆ ಎಂದೂ ಹೇಳಿತು. ಈ ಎರಡು ಮಾತುಗಳನ್ನು ಒಟ್ಟಿಗೆ ಓದಿದಾಗ ಹೆಮ್ಮೆಯೂ ನಾಚಿಕೆಯೂ ಏಕಕಾಲಕ್ಕೆ ಉಂಟಾಗುತ್ತವೆ.

ಈ ಸೇವೆಯು ಕನ್ನಡಿಗರಿಗೂ ತಲುಪಿದೆಯೆಂಬುದನ್ನು ಇಲ್ಲಿ ಸ್ಮರಿಸಬೇಕು. ಕಾಸರಗೋಡು ಜಿಲ್ಲೆಯ ಎಣ್ಮಕಜೆ ಮೊದಲಾದ ಗ್ರಾಮಗಳಲ್ಲಿ ಕನ್ನಡ, ತುಳು ಮನೆಮಾತಾಗಿರುವ ಕುಟುಂಬಗಳು ಬಹಳ. ಅಲ್ಲಿಯ ಗೇರುತೋಟಗಳ ಮೇಲೆ 2000ದವರೆಗೆ ವಿಮಾನದಿಂದ ಎಂಡೋಸಲ್ಫಾನ್ ಕೀಟನಾಶಕವನ್ನು ಸಿಂಪಡಿಸಲಾಗುತ್ತಿತ್ತು. ಅಂಗವೈಕಲ್ಯದಿಂದ ಹಾಸಿಗೆಯಲ್ಲಿಯೇ ಇರುವ ಮಕ್ಕಳನ್ನು ವರ್ಷಾನುಗಟ್ಟಲೆ ಸಾಕುತ್ತಿರುವ ತಾಯಂದಿರು ಆ ಭಾಗದಲ್ಲಿದ್ದಾರೆ. ಗುಣಪಡಿಸುವೆವೆಂಬ ಭರವಸೆಯನ್ನು ಕೊಡಲಾಗದ ಇಂತಹ ಮನೆಗಳಿಗೇ ಉಪಶಮನ ಸೇವೆಯ ಬೆಲೆ ಚೆನ್ನಾಗಿ ತಿಳಿದೀತು.

ಇತಿಮಿತಿಗಳು

ಎಲ್ಲವೂ ಸಮರ್ಪಕವಾಗಿದೆಯೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾದೀತು. ಮಲಬಾರಿನ ಜಿಲ್ಲೆಗಳಲ್ಲಿ ಕಂಡ ಜನರ ಉತ್ಸಾಹ ರಾಜ್ಯದ ಎಲ್ಲೆಡೆಯೂ ಒಂದೇ ಸಮನಾಗಿಲ್ಲ. ತಿಂಗಳಿಗೊಮ್ಮೆ ದಾದಿ ಬಂದುಹೋದರೆ ಉಲ್ಬಣಾವಸ್ಥೆಯ ರೋಗಿಗೆ ಅದು ಸಾಲದು. ಸರಕಾರದ ಕಾರ್ಯಕ್ರಮವೆಂದಾದ ಮೇಲೆ ಭೇಟಿಗಳ ಸಂಖ್ಯೆಯನ್ನು ಪುಸ್ತಕದಲ್ಲಿ ತುಂಬುವುದೇ ಗುರಿಯಾಗುವ ಅಪಾಯವಿದೆ. ವೇತನ ಪಡೆಯುವ ನೌಕರರು ಬಂದೊಡನೆ "ಇನ್ನು ನಮ್ಮ ಕೆಲಸವೇನು?" ಎಂದು ಸ್ವಯಂಸೇವಕರು ಹಿಂದೆ ಸರಿಯುವುದೂ ಉಂಟು. ಮತ್ತೊಂದು ಕಡೆ, ಜನರು ಮಾಡುತ್ತಿದ್ದಾರೆಂದು ಸರಕಾರವು ತನ್ನ ಹೊಣೆಯಿಂದ ನುಣುಚಿಕೊಳ್ಳಲೂಬಹುದು.

ಆದುದರಿಂದ ಯಾರ ಕೆಲಸ ಯಾವುದು ಎಂಬ ವಿವೇಕ ಅತ್ಯವಶ್ಯ. ಮಾರ್ಫೀನ್ ಒದಗಿಸುವುದು, ದಾದಿಯರಿಗೆ ವೇತನ ನೀಡುವುದು, ಯಾವ ಬಡವನೂ ಬಿಟ್ಟುಹೋಗದಂತೆ ನೋಡಿಕೊಳ್ಳುವುದು ಸರಕಾರದಿಂದಲೇ ಆಗಬೇಕು; ಕಾಣಿಕೆಯ ಡಬ್ಬಿಯಿಂದ ಇಡೀ ರಾಜ್ಯದ ಸೇವೆ ನಡೆಯಲಾರದು. ರೋಗಿಯ ಹೆಸರು ಹಿಡಿದು ಕರೆಯುವುದು, ರಾತ್ರಿ ಸಂಗಡ ಇರುವುದು, ಆತನು ಕಾಲವಾದ ಮೇಲೆಯೂ ಆ ಮನೆಗೆ ಹೋಗಿಬರುವುದು ನೆರೆಯವರಿಂದಲೇ ಆಗಬೇಕು. ಯಾವ ಸರಕಾರಿ ಆದೇಶವೂ ಇದನ್ನು ಮಾಡಿಸಲಾರದು. ಒಂದು ಇನ್ನೊಂದಕ್ಕೆ ಪೂರಕವೇ ಹೊರತು ಬದಲಿಯಲ್ಲ. ಕೇರಳದ ಅನುಭವದ ಸಾರವಿಷ್ಟೇ.

ನಮ್ಮ ಮುಂದಿರುವ ಕರ್ತವ್ಯ

ಕೇಂದ್ರ ಸರಕಾರವು 2012ರಲ್ಲಿ ರಾಷ್ಟ್ರೀಯ ಉಪಶಮನ ಸೇವಾ ಕಾರ್ಯಕ್ರಮವನ್ನು ರೂಪಿಸಿತು. 2017ರ ರಾಷ್ಟ್ರೀಯ ಆರೋಗ್ಯ ನೀತಿಯೂ ಈ ಸೇವೆಯನ್ನು ಎತ್ತಿಹೇಳಿದೆ. ಕಾಗದದ ಮೇಲಿನ ಈ ಸಂಕಲ್ಪವು ನಮ್ಮ ಊರಿನ ಓಣಿಗೆ ಇಳಿದು ಬರಬೇಕಾದರೆ ಊರಿನಲ್ಲಿ ಅದನ್ನು ಎದುರುಗೊಳ್ಳುವ ಕೈಗಳಿರಬೇಕು.

ನಮ್ಮ ಪರಂಪರೆಯಲ್ಲಿ ದಾಸೋಹವೆಂದರೆ ಅನ್ನ ನೀಡುವುದಷ್ಟೇ ಅಲ್ಲ. ತನ್ನ ಕಾಯಕದ ಫಲವನ್ನು ಅಹಂಕಾರವಿಲ್ಲದೆ ಸಮಾಜಕ್ಕೆ ಅರ್ಪಿಸುವುದು. ದಾನಿಗಳ ಉದಾರತೆಯಿಂದ ಬೆಳೆದ ನಮ್ಮ ಶಾಲೆಯಲ್ಲಿ ಇದನ್ನು ವಿವರಿಸುವ ಅಗತ್ಯವಿಲ್ಲ. ವಾರಕ್ಕೆ ಎರಡು ಗಂಟೆಗಳ ಸಮಯವೂ ಧನದಷ್ಟೇ ಬೆಲೆಯುಳ್ಳ ದಾನವೆಂಬುದನ್ನು ಮಾತ್ರ ನೆನಪಿಸಬಯಸುತ್ತೇನೆ. ಶಿಕ್ಷಕರು ಒಂದು ದಿನ ಹಿರಿಯ ತರಗತಿಯ ಮಕ್ಕಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು, ಹಾಸಿಗೆ ಹಿಡಿದವರು ಯಾವ ಯಾವ ಮನೆಯಲ್ಲಿದ್ದಾರೆಂದು ಆಶಾ ಕಾರ್ಯಕರ್ತೆಯರಿಂದ ತಿಳಿದುಕೊಳ್ಳಬಹುದು. ಹಳೆಯ ವಿದ್ಯಾರ್ಥಿಗಳಲ್ಲಿ ವೈದ್ಯರೂ ದಾದಿಯರೂ ಇದ್ದರೆ ಅವರು ಮನೆಯ ಆರೈಕೆಯ ಪಾಠವನ್ನು ಹೇಳಿಕೊಡಬಹುದು. ಕಲ್ಲಿಕೋಟೆಯಲ್ಲಿಯೂ ಆರಂಭವಾದುದು ಒಂದು ಕೋಣೆಯಿಂದ, ಬೆರಳೆಣಿಕೆಯ ಜನರಿಂದ ಎಂಬುದನ್ನು ಮರೆಯಬಾರದು.

ಗುಣಪಡಿಸಲಾಗದ ರೋಗಗಳು ಇಂದಿಗೂ ಅನೇಕವಿವೆ. ಆದರೆ ಯಾರೂ ಒಂಟಿಯಾಗಿ ನರಳಬೇಕಾಗಿಲ್ಲ. ನೆರೆಮನೆಯ ನೋವನ್ನು ಊರಿನ ಹೊಣೆಯೆಂದು ಭಾವಿಸುವ ಸದ್ಬುದ್ಧಿಯು ನಮ್ಮೆಲ್ಲರಲ್ಲಿ ನೆಲೆಗೊಳ್ಳಲಿ, ಆ ಕಾರ್ಯಕ್ಕೆ ಶ್ರೀಗುರುವಿನ ಕೃಪೆ ಇರಲಿ ಎಂದು ಹಾರೈಸುತ್ತೇನೆ.