ಸಾರಿನ ಪುಡಿಗೆ ಬಂಡವಾಳ

ಸಾರಿನ ಪುಡಿಯನ್ನು ಹದವರಿತು ಹುರಿದು ಕುಟ್ಟುವ ಜಾಣ್ಮೆ ನಮ್ಮ ಗೃಹಿಣಿಯರಲ್ಲಿ ಅನೇಕರಿಗುಂಟು. ಅದನ್ನು ಮಾರಿ ನಾಲ್ಕು ಕಾಸು ಸಂಪಾದಿಸಬೇಕೆಂದೊಡನೆ ಮಾತ್ರ ಬಂಡವಾಳದ ಪ್ರಶ್ನೆ ಎದುರಾಗುವುದು.

1959ರಲ್ಲಿ ಮುಂಬಯಿಯ ಗಿರಗಾಂವಿನಲ್ಲಿ ಏಳು ಮಂದಿ ಮಹಿಳೆಯರು 80 ರೂಪಾಯಿ ಸಾಲ ತಂದು ಹಪ್ಪಳ ಮಾಡತೊಡಗಿದರು. ಮೊದಲು ಸಿದ್ಧವಾದುದು ನಾಲ್ಕೇ ಕಟ್ಟು. ನಷ್ಟವಾದರೂ ದಾನ ಬೇಡೆವೆಂದು ಅವರು ನಿಶ್ಚಯಿಸಿದರು. ಇಂದಿನ ‘ಲಿಜ್ಜತ್’ ಸಂಸ್ಥೆಯ ಮೂಲವು ಇದೇ.

ಸಾಲವು ಯಾವುದಕ್ಕೆಂಬುದನ್ನು ಮೊದಲು ಗೊತ್ತುಮಾಡಿಕೊಳ್ಳತಕ್ಕದ್ದು. ಕೆಲವರು ಹಣವನ್ನೆಲ್ಲ ಯಂತ್ರಕ್ಕೇ ಸುರಿದುಬಿಡುವರು. ಬ್ಯಾಡಗಿ ಮೆಣಸಿನಕಾಯಿಯಾದರೋ ಪೇಟೆಗೆ ಹೇರಳವಾಗಿ ಬರುವುದು ಜನವರಿಯಿಂದ ಬೇಸಗೆಯವರೆಗೆ. ಆಗ ಕೈ ಬರಿದಾಗಿದ್ದವಳು ಮಳೆಗಾಲದಲ್ಲಿ ಹೆಚ್ಚು ಬೆಲೆ ತೆರಬೇಕಾದೀತು. ಅಂಗಡಿಯವನಿಂದ ಹಣ ಬರುವುದೂ ತಡವೇ. ಆದುದರಿಂದ ಆರಂಭದಲ್ಲಿ ಗಿರಣಿಗೆ ಕೂಲಿ ಕೊಟ್ಟು ಪುಡಿಮಾಡಿಸಿ, ಸಾಲದ ಹಣವನ್ನು ಸರಕಿಗೆ ಮೀಸಲಿಡುವುದು ಲೇಸು.

ಕೇಂದ್ರ ಸರಕಾರವು 2020ರಲ್ಲಿ ಕಿರು ಆಹಾರೋದ್ಯಮಗಳಿಗಾಗಿ ತಂದ ಯೋಜನೆಯು ಈ ಎರಡು ಅಗತ್ಯಗಳನ್ನೂ ಬೇರೆಬೇರೆಯಾಗಿಯೇ ಗಣಿಸಿತು. ಬ್ಯಾಂಕಿನ ಸಾಲದೊಡನೆ ಕೊಳ್ಳುವ ಯಂತ್ರಾದಿಗಳಿಗೆ ವೆಚ್ಚದಲ್ಲಿ ನೂರಕ್ಕೆ 35ರಂತೆ, 10 ಲಕ್ಷ ರೂಪಾಯಿ ಮೀರದ ಸಹಾಯಧನ. ಸರಕಿಗೂ ಸಣ್ಣ ಸಲಕರಣೆಗಳಿಗೂ ಸ್ವಸಹಾಯ ಸಂಘದ ಸದಸ್ಯೆಗೆ 40,000 ರೂಪಾಯಿವರೆಗೆ ಬೀಜಧನ. ಬೀಜಧನವು ಸದಸ್ಯೆಗೆ ದೊರೆಯುವುದು ಸಾಲರೂಪದಲ್ಲಿ. ಅದನ್ನು ಹಿಂದಿರುಗಿಸಿದರೆ ಮತ್ತೊಬ್ಬಳಿಗೆ ಒದಗುವುದು.

ಸೋದರಿಯರೇ, ಸಂಸಾರದ ಹಣವೂ ವ್ಯಾಪಾರದ ಹಣವೂ ಒಂದೇ ಡಬ್ಬಿಯಲ್ಲಿರಬಾರದು. ಪುಡಿಯ ಬೆಲೆ ಕಟ್ಟುವಾಗ ಮೆಣಸಿನಕಾಯಿ, ಕೊತ್ತಂಬರಿಗಳೊಡನೆ ನಿಮ್ಮ ದುಡಿಮೆಯ ಕೂಲಿಯನ್ನೂ ಬರೆದಿಡಿರಿ. ಕಂತು ತೀರಿದ ಮೇಲೆ ಉಳಿದುದೇ ನಿಜವಾದ ಲಾಭ.